ಯಂತ್ರದ ಕಣ್ಣಿಗೆ ಕುಂಕುಮ

ನಿನ್ನೆ ಆಯುಧಪೂಜೆ. ಚನ್ನಪಟ್ಟಣದ ಹತ್ತಿರ ನಾವು ಹೊಸದಾಗಿ ಕೂರಿಸಿರುವ ಯಂತ್ರದ ಮುಂದೆ ಬೂದುಗುಂಬಳಕಾಯಿ, ನಿಂಬೆಹಣ್ಣು ಎಲ್ಲ ಸಿದ್ಧವಾಗಿತ್ತು. ಸೂಪರ್‌ವೈಸರ್ ಕುಂಕುಮ ಕಲಸಿದ ಬಟ್ಟಲು ಹಿಡಿದು ಬಂದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಹಬ್ಬದ ದಿನ ಮುಖ ಗಂಟಿಕ್ಕಿಕೊಂಡು ನಿಲ್ಲುವ ಹೆಂಗಸು ಯಾರಿಗೂ ಬೇಡ, ಗೊತ್ತು. ಆದರೆ ಯಾಕೆ ಅಂತ ನೀವಾದರೂ ಕೇಳಿ.

ನನ್ನ ಕೆಲಸ ಆಟೊಮೇಷನ್ ಪ್ರಾಜೆಕ್ಟುಗಳನ್ನು ನಡೆಸುವುದು. ಅಂದರೆ ತಾನೇ ಓಡುವ, ತಾನೇ ನಿಲ್ಲುವ ಯಂತ್ರಗಳನ್ನು ಕಾರ್ಖಾನೆಗಳಿಗೆ ಕೂರಿಸಿಕೊಡುವುದು. ಅಕ್ಕೂರಿನ ನಮ್ಮ ಮನೆಯಲ್ಲಿ ಇದನ್ನು ಅರ್ಥಮಾಡಿಸಲು ಹೋಗಿ ಸೋತಿದ್ದೇನೆ. ಅಮ್ಮನ ಲೆಕ್ಕದಲ್ಲಿ ನಾನು ಮಿಕ್ಸಿ ರಿಪೇರಿಯವಳು, ಆದರೂ ಮನೆಯ ಮಿಕ್ಸಿ ಕೆಟ್ಟೇ ಇದೆ. ನಿಜ ಹೇಳಬೇಕೆಂದರೆ ನಾನು ಯಂತ್ರ ಮುಟ್ಟುವುದಕ್ಕಿಂತ ಫೋನಿನಲ್ಲಿ ಬೈಸಿಕೊಳ್ಳುವುದೇ ಹೆಚ್ಚು. ಗಿರಾಕಿ ಬೈದದ್ದನ್ನು ಸಾಹೇಬರಿಗೆ, ಸಾಹೇಬರು ಬೈದದ್ದನ್ನು ವೈರಿಂಗಿನವರಿಗೆ ಸ್ವಲ್ಪ ಮೆತ್ತಗೆ ಮಾಡಿ ದಾಟಿಸಬೇಕು.

ಕೆಲವು ವರ್ಷಗಳ ಹಿಂದೆ ಸಾತನೂರಿನ ಕಡೆ ರಾಗಿ ಹುರಿಹಿಟ್ಟು ಪ್ಯಾಕ್ ಮಾಡುವ ಯಂತ್ರ ಕೂರಿಸಿದ್ದೆವು. ಪೊಟ್ಟಣದ ಬಾಯಿಯನ್ನು ಕಾದ ಕಬ್ಬಿಣದ ದವಡೆಯೊಂದು ಕಚ್ಚಿ ಅಂಟಿಸುತ್ತಿತ್ತು. ಕೈ ಅಡ್ಡ ಬಂದರೆ ತಕ್ಷಣ ನಿಲ್ಲಿಸಲು ಅದರ ಮುಂದೆ ಒಂದು ಸೆನ್ಸರ್. ಅಲ್ಲಿನವರು ಅದನ್ನು ಕಣ್ಣು ಅನ್ನುತ್ತಿದ್ದರು. ಆಯುಧಪೂಜೆಯ ದಿನ ಭಕ್ತಿ ಹೆಚ್ಚಾಗಿ ಯಾರೋ ಆ ಕಣ್ಣಿಗೇ ಕುಂಕುಮ ಮೆತ್ತಿದರು. ಮಾರನೆಯ ದಿನ ಯಂತ್ರ ಅಲ್ಲಾಡಲಿಲ್ಲ. ಕೈ ಅಡ್ಡ ಇದೆಯೆಂದೇ ಅದು ತಿಳಿದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಮುಗಿಯುತ್ತಿತ್ತು. ಪೂಜೆ ಮಾಡಿದ ಕುಂಕುಮ ಒರೆಸಬಾರದಂತೆ! ಎಲೆಕ್ಟ್ರಿಷಿಯನ್ ಪ್ಯಾನೆಲ್ ತೆಗೆದು, ಒಂದು ತುಂಡು ವೈರು ಸಿಕ್ಕಿಸಿ, ಕಣ್ಣಿಗೆ ಕೆಲಸವೇ ಇಲ್ಲದಂತೆ ಮಾಡಿದ.

ನಾನು ಹೋಗಿ ನೋಡಿದಾಗ ಪೊಟ್ಟಣ ತುಂಬುವ ಜಯಮ್ಮ ಸೊಟ್ಟಗಾದ ಪೊಟ್ಟಣ ಸರಿಮಾಡಲು ಓಡುತ್ತಿದ್ದ ಆ ದವಡೆಯೊಳಗೆ ಕೈ ಹಾಕುತ್ತಿದ್ದಳು. ಮೇನ್ ಆಫ್ ಮಾಡಿ, ವೈರು ಕಿತ್ತು, ನನ್ನ ದುಪಟ್ಟಾದಲ್ಲೇ ಯಂತ್ರದ ಕಣ್ಣು ಒರೆಸಿದೆ. ಅಪಶಕುನ ಎಂದು ಮಾಲೀಕ ಹಾರಾಡಿದ. ಜಯಮ್ಮ ಮಾತ್ರ ನಕ್ಕಳು.

“ಹಸುಗಾದ್ರೂ ಹಣೆಗೆ ತಾನೇ ಕುಂಕುಮ ಇಡೋದು? ಕಣ್ಗೆ ಯಾರಾದ್ರೂ ಇಟ್ಟಾರಾ?”

ಮಾಲೀಕ ನಮ್ಮ ಸಾಹೇಬರಿಗೆ ಫೋನ್ ಮಾಡಿದ. ಗಿರಾಕಿಯ ನಂಬಿಕೆಗೆ ಅಡ್ಡ ಹೋಗಬಾರದೆಂದು ಅವರು ನನಗೇ ಬುದ್ಧಿ ಹೇಳಿ, ಮಾಗಡಿಯ ಕೆಲಸಕ್ಕೆ ಕಳಿಸಿದರು. ಬೆರಳು ಹೋಗುತ್ತದೆ ಎಂದು ಫೋನಿನಲ್ಲಿ ಕೂಗಾಡಿದೆ, ಮೇಲ್ ಬರೆದೆ. ಅತಿಯಾಗಿ ಆಡಬೇಡ ಎಂದರು. ಮುಂದಿನ ಶುಕ್ರವಾರದ ಪೂಜೆಗೆ ಕುಂಕುಮ ಮತ್ತೆ ಕಣ್ಣಿಗೇರಿತು, ವೈರು ಮತ್ತೆ ಪ್ಯಾನೆಲ್ಲಿಗೆ. ದವಡೆ ಜಯಮ್ಮನ ಬಲಗೈ ಕಚ್ಚಿತು.

ಅವಳನ್ನು ನೋಡಲು ಮನೆಗೆ ಹೋದೆ. ಬೇಡವೆಂದರೂ ಕಾಫಿ ಕೊಟ್ಟಳು. ಹೊರಟಾಗ ಬ್ಯಾಂಡೇಜು ಸುತ್ತಿದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಹಣೆಗೆ ಕುಂಕುಮ ಇಟ್ಟಳು.

“ಎಡಗೈಲಿ ಇಟ್ಟೆ ಅಂತ ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ.”

ಮಾಲೀಕ ತಪ್ಪಾಯಿತು ಅನ್ನಲಿಲ್ಲ, ಸಾಹೇಬರು ಅನ್ನಲಿಲ್ಲ. ಅಂದವಳು ಇವಳು! ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ನಿನ್ನೆ ಸೂಪರ್‌ವೈಸರನ ಬೆರಳು ಸೆನ್ಸರಿನ ಹತ್ತಿರ ಬಂದಾಗ ಬಟ್ಟಲು ಕಿತ್ತು ಪಕ್ಕದಲ್ಲಿಟ್ಟುಕೊಂಡೆ. ಬಲಗೈಯಿಂದ ಯಂತ್ರದ ಕಣ್ಣು ಮುಚ್ಚಿ ಹಿಡಿದು, ಅದರ ಮೇಲ್ಗಡೆ, ಹಣೆ ಇರಬೇಕಾದ ಜಾಗಕ್ಕೆ ಕುಂಕುಮ ಇಟ್ಟೆ.

“ಎಡಗೈಲಿ ಇಡ್ತಾ ಇದ್ದೀರ, ಮೇಡಂ,” ಎಂದ ಅವನು, ಮೆಲ್ಲಗೆ.

“ಗೊತ್ತು,” ಅಂದೆ.