ನಾಪಾಸಾದ ನಾಲ್ಕು ಕಾರ್ಡುಗಳು

ಮಣಿಪಾಲದ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ವೈರ್‌ಲೆಸ್ ಇಂಟರ್ನೆಟ್ ಬಂದ ವರ್ಷ, ಅಲ್ಲಿ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದವನು ನಾನೊಬ್ಬನೇ. ಬಿಟ್ಟಿ ಸಿಕ್ಕಿದ್ದರಲ್ಲಿ ಇಂಟರ್ನೆಟ್ ಎಲ್ಲಿಂದ ಬರಬೇಕು ಎಂದು ಸಹೋದ್ಯೋಗಿಗಳು ಚಹಾದ ಹೊತ್ತಿಗೆ ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮುಂದಿನ ಸೋಮವಾರ ಇಲ್ಲೇ ಮೇಲ್ ತೆರೆದು ತೋರಿಸುತ್ತೇನೆ, ಆಗದಿದ್ದರೆ ನಿಮ್ಮೆದುರೇ ಲಿನಕ್ಸ್ ಅಳಿಸಿಹಾಕುತ್ತೇನೆ ಎಂದುಬಿಟ್ಟೆ.

ನನ್ನ ಹಳೆಯ ಲ್ಯಾಪ್‌ಟಾಪಿನ ಪಕ್ಕದ ಸೀಳಿಗೆ ವೈರ್‌ಲೆಸ್ ಕಾರ್ಡು ಸಿಕ್ಕಿಸಬೇಕಿತ್ತು. ಎಲ್ಲ ಕಾರ್ಡೂ ಲಿನಕ್ಸಿಗೆ ಹೊಂದುವುದಿಲ್ಲ. ಒಳಗಿನ ಚಿಪ್ ಯಾವುದೆಂಬುದೇ ಮುಖ್ಯ, ಅದನ್ನೊಂದು ಬಿಟ್ಟು ಡಬ್ಬಿಯ ಮೇಲೆ ಎಲ್ಲವನ್ನೂ ಬರೆದಿರುತ್ತಾರೆ. ಕಾಲೇಜಿನ ಬಸ್‌ಸ್ಟಾಪಿನ ಎದುರಿನ ಕಂಪ್ಯೂಟರ್ ಅಂಗಡಿಯವರಿಗೆ ಇದನ್ನು ಅರ್ಧ ಗಂಟೆ ವಿವರಿಸಿದೆ. ಅವರು ಆಕಳಿಸಿ, "ಸೀರೆಯ ಹಾಗೆ ಮಾಡುವ ಸರ್. ಮನೆಗೆ ಕೊಂಡುಹೋಗಿ ನೋಡಿ, ಆಗದಿದ್ದರೆ ವಾಪಸ್ ತನ್ನಿ" ಎಂದರು.

ಸ್ಟಾಫ್ ರೂಮಿನಲ್ಲೇ ಪರೀಕ್ಷಿಸಬಹುದಿತ್ತು. ಎಲ್ಲರೆದುರು ಸೋತರೆ ಮರ್ಯಾದೆಯ ಗತಿಯೇನು? ಹಾಗಾಗಿ ದಿನಕ್ಕೊಂದು ಕಾರ್ಡನ್ನು ನಮ್ಮೂರು ಕುಕ್ಕುಂದೂರಿನ ಮನೆಗೆ ತಂದೆ. ಮೊದಲನೆಯದು ಹಸಿರು ದೀಪ ಮಿನುಗಿಸಿತೇ ಹೊರತು ಒಂದು ನೆಟ್‌ವರ್ಕನ್ನೂ ತೋರಿಸಲಿಲ್ಲ. ಉಳಿದವೂ ಹಾಗೆಯೇ. ನಾಲ್ಕನ್ನೂ ಲಿನಕ್ಸಿಗೆ ಆಗದು ಎಂದು ಹಿಂದಿರುಗಿಸಿದೆ. ಅಂಗಡಿಯವರು ಪ್ರತಿ ಡಬ್ಬಿಯ ಮೇಲೂ ಅದನ್ನೇ ಬರೆದು ಕಪಾಟಿನಲ್ಲಿಟ್ಟರು.

ಭಾನುವಾರ ಐದನೆಯದನ್ನು ಸಿಕ್ಕಿಸಿ, ಲ್ಯಾಪ್‌ಟಾಪನ್ನು ತಲೆಯ ಮೇಲೆ ಎತ್ತಿ ಹಿಡಿದು ಮನೆಯ ಚಾವಡಿಯಲ್ಲಿ ಸುತ್ತುತ್ತಿದ್ದೆ. ಬಸಳೆ ಹೆಚ್ಚುತ್ತಿದ್ದ ಹೆಂಡತಿ ಸುಮಾರು ಹೊತ್ತು ನೋಡಿದಳು.

"ಅಲ್ಲ, ನೀವು ಹುಡುಕುವುದು ಎಂತದ್ದನ್ನು? ಈ ಕುಕ್ಕುಂದೂರಿನಲ್ಲಿ ಅದು ಯಾರ ಮನೆಯಲ್ಲಿ ಉಂಟು?"

ಲ್ಯಾಪ್‌ಟಾಪನ್ನು ಮೆಲ್ಲಗೆ ಕೆಳಗಿಳಿಸಿದೆ. ನಮ್ಮ ಮನೆಯ ಸುತ್ತ ಇದ್ದದ್ದು ಗದ್ದೆ, ಬಾವಿ ಮತ್ತು ಪಕ್ಕದ ಮನೆಯವರ ದನದ ಹಟ್ಟಿ. ವೈರ್‌ಲೆಸ್ಸೇ ಇಲ್ಲದ ಊರಿನಲ್ಲಿ ನಾಲ್ಕು ಕಾರ್ಡುಗಳನ್ನು ಫೇಲು ಮಾಡಿದ್ದೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಐದನೆಯ ಕಾರ್ಡು ಕೂಡಲೇ ನೆಟ್‌ವರ್ಕ್ ಹಿಡಿಯಿತು. ಮೇಲ್ ತೆರೆದು ತೋರಿಸಿದೆ. ಇದನ್ನು ಹೇಗೆ ಆರಿಸಿದಿರಿ ಎಂದು ಕೇಳಿದವರಿಗೆ ಚಿಪ್‌ಗಳ ಬಗ್ಗೆ ಗಂಭೀರವಾಗಿ ಪಾಠವನ್ನೂ ಮಾಡಿದೆ.

ಹೆಮ್ಮೆ ಒಂದು ವಾರ ಉಳಿಯಿತು. ಆಮೇಲೆ ನನ್ನ ವಿದ್ಯಾರ್ಥಿಯೊಬ್ಬ ತನ್ನ ಲಿನಕ್ಸಿಗೂ ಕಾರ್ಡು ಬೇಕೆಂದು ಅದೇ ಅಂಗಡಿಗೆ ಹೋಗಿ ಬಂದ. ನಾನು ಹಿಂದಿರುಗಿಸಿದ ಆ ನಾಲ್ಕು ಕಾರ್ಡುಗಳನ್ನು ಅವನಿಗೆ ಕೊಡಲು ಅಂಗಡಿಯವರು ಒಪ್ಪಲೇ ಇಲ್ಲವಂತೆ. ಲಿನಕ್ಸ್ ಚೆನ್ನಾಗಿ ಬಲ್ಲ ಸರ್ ಒಬ್ಬರು ಖುದ್ದು ಪರೀಕ್ಷೆ ಮಾಡಿ ಬೇಡ ಎಂದಿದ್ದಾರೆ ಎಂದರಂತೆ.

ಅಂದಿನಿಂದ ನಾನು ಒಂದು ಸ್ಟಾಪ್ ಮೊದಲೇ ಇಳಿದು, ಆ ಅಂಗಡಿ ಸಿಗದ ದಾರಿಯಿಂದ ಕಾಲೇಜಿಗೆ ನಡೆದು ಹೋಗತೊಡಗಿದೆ.