ಸಾಹೇಬನ ಬೇಟೆಯ ಮೂರು ಚಿತ್ರಗಳು

ಹೋದ ತಿಂಗಳು ಗಜೇಂದ್ರಗಡದ ಪರಿಚಯಸ್ಥರೊಬ್ಬರು ಹಳೆಯ ಟ್ರಂಕಿನ ಮುಚ್ಚಳ ತೆಗೆದಾಗ ಮುಗ್ಗಲು ಕಾಗದದ ವಾಸನೆ ಬಂತು. ನರಗುಂದದ ನಮ್ಮ ಅಜ್ಜನ ಪಡಸಾಲೆಯಲ್ಲಿ ಮಳೆಗಾಲವಿಡೀ ಇದೇ ವಾಸನೆ ಇರುತ್ತಿತ್ತು. ಅಲ್ಲಿನ ಗೋಡೆಯ ಮೇಲೆ, ಊರು ಬಿಟ್ಟು ಹೊರಟ ಯಾವನೋ ಬಿಳಿಯ ಅಧಿಕಾರಿಯಿಂದ ಮುತ್ತಜ್ಜ ಕೊಂಡು ತಂದ ಮೂರು ಅಚ್ಚಿನ ಚಿತ್ರಗಳಿದ್ದವು. ಮೊದಲನೆಯದರಲ್ಲಿ ಡೊಳ್ಳುಹೊಟ್ಟೆಯ ಸಾಹೇಬ ಬೇಟೆಗೆ ಹೊರಟಿದ್ದ. ಅವನ ಬೂಟನ್ನು ನಾಯಿ ಕಚ್ಚಿಕೊಂಡು ಓಡುತ್ತಿತ್ತು. ಎರಡನೆಯದರಲ್ಲಿ ತಲೆಕೆಳಗಾಗಿ ಕೆಸರಿಗೆ ಬಿದ್ದಿದ್ದ. ಮೂರನೆಯದರಲ್ಲಿ ಊಟದ ಮೇಜಿನ ಮುಂದೆ ಎರಡೂ ಕೈ ಅಗಲಿಸಿ ತನ್ನ ಪರಾಕ್ರಮ ಹೇಳುತ್ತಿದ್ದ. ಹಿಂದೆ ತಾಟು ಹಿಡಿದ ಆಳು ತುಟಿ ಬಿಗಿಹಿಡಿದು ನಿಂತಿದ್ದ.

ಬಂದವರಿಗೆಲ್ಲ ಅಜ್ಜ ಇವನ್ನು ತೋರಿಸಿ ನಗಿಸುತ್ತಿದ್ದ. ನಗು ಮುಗಿದ ಮೇಲೆ ತನ್ನ ಹಂದಿ ಬೇಟೆಯ ಕಥೆ ತೆಗೆಯುತ್ತಿದ್ದ. ನಮ್ಮ ಎತ್ತು ನೋಡಿಕೊಳ್ಳುತ್ತಿದ್ದ ಶಿರೋಳದ ದುರ್ಗಪ್ಪ ಹರೆಯದಲ್ಲಿ ಆ ಬೇಟೆಗೆ ಡಬ್ಬಿ ಬಾರಿಸಿ ಹಂದಿ ಎಬ್ಬಿಸಲು ಹೋಗಿದ್ದನಂತೆ. ಹಂದಿ ಹಾಯ್ದು ಅವನ ಕಾಲು ಕುಂಟಾಯಿತಂತೆ. ಒಂದು ದಿನ ದುರ್ಗಪ್ಪ ಹಸಿ ಕಡಲೆಗಿಡದ ಸಿವುಡು ಹೊತ್ತು ಒಳಗೆ ಬರುವುದಕ್ಕೂ ಅಜ್ಜ ಆ ಮಾತಿಗೆ ಬರುವುದಕ್ಕೂ ಸರಿಹೋಯಿತು.

"ಖರೇ ಏನೋ ದುರ್ಗಪ್ಪ?" ಎಂದರು ಬೀಗರೊಬ್ಬರು.

ಅವನು ಮೂರನೆಯ ಚಿತ್ರವನ್ನು ನೋಡಿದ. "ಹಿಂದ ತಾಟ ಹಿಡಕೊಂಡ ನಿಂತಾನಲ್ರಿ, ಅವನ್ನ ಕೇಳ್ರಿ. ಅಂವಗ ಗೊತ್ತಿರತೈತಿ."

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ನಾನು ದುರ್ಗಪ್ಪನ ಹಿಂದೆ ದನದ ಕೊಟ್ಟಿಗೆಗೆ ಹೋಗಿ, "ಹಂದಿ ಹಾಯಲಿಲ್ಲೇನು?" ಎಂದು ಕೇಳಿದೆ.

"ಇಲ್ಲ ತಂಗಿ. ಧಣ್ಯಾರ ಹಂದಿಗಂತ ಗುಂಡ ಹಾರಿಸಿದ್ರು, ನನಗ ಬಡೀತು," ಎಂದ, ಎತ್ತಿನ ಮೈ ತಿಕ್ಕುತ್ತಲೇ.

ಆಮೇಲೆ ಅಜ್ಜ ಬಂದವರಿಗೆ ಮೊದಲಿನ ಎರಡೇ ಚಿತ್ರ ತೋರಿಸತೊಡಗಿದ. ಬೇಟೆಯ ಕಥೆ ನಿಂತೇಹೋಯಿತು. ದುರ್ಗಪ್ಪನ ಮುಂದೆ ಮಾತ್ರ ಏನೂ ಹೇಳಲಿಲ್ಲ.

ವರ್ಷಗಳು ಕಳೆದು ಅಜ್ಜನಿಗೆ ಲಕ್ವ ಹೊಡೆಯಿತು. ದಿನಾ ಮುಂಜಾನೆ ಅವನನ್ನು ತೋಳಲ್ಲಿ ಹಿಡಿದು ಹೊರಗಿನ ಕಟ್ಟೆಗೆ ತಂದು ಕೂರಿಸುತ್ತಿದ್ದವನು ದುರ್ಗಪ್ಪನೇ. ಕುಂಟುವ ಇಬ್ಬರು ಮುದುಕರು ಹೊಸ್ತಿಲು ದಾಟಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಂಥದೊಂದು ಮುಂಜಾನೆ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದಾಗ, ನಾನು ಪಕ್ಕದಲ್ಲೇ ಇದ್ದೆ, ಅಜ್ಜ ತೊದಲುತ್ತ, "ನಂದ ತಪ್ಪಾತೋ ದುರ್ಗಾ," ಎಂದ.

ದುರ್ಗಪ್ಪ ಎದ್ದು ಕೈ ಚಾಚಿದ.

"ಬಿಸಲ ಏರಿತ್ರಿ. ಒಳಗ ಹೋಗೂಣು, ಏಳ್ರಿ."