ಹೆಸರಿಲ್ಲದ ಗುಳಿಗೆ

ಒಂಬತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತ ಸಹೋದ್ಯೋಗಿಯ ಹೆಸರು ಸಭೆಯ ನಡುವೆ ನನಗೆ ಸಿಗಲಿಲ್ಲ. ಅವರತ್ತ ಕೈ ತೋರಿಸಿ 'ಇವರು' ಎಂದು ಮುಂದಕ್ಕೆ ಹೋದೆ. ಅದು ಮಂಗಳವಾರವೋ ಬುಧವಾರವೋ, ಅದನ್ನೂ ಖಚಿತವಾಗಿ ಹೇಳಲಾರೆ. ಅದೇ ವಾರ, ನಾನೇ ನೋಡಿ ಸಹಿ ಹಾಕಿದ್ದ ಒಂದು ಲಾಟ್ ಬಿಡಿಭಾಗಗಳನ್ನು, ಸಹಿ ಹಾಕಿದ್ದೇ ಮರೆತು, ಮತ್ತೊಮ್ಮೆ ತಪಾಸಣೆಗೆ ತರಿಸಿದೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವನು ನಾನು. ವಯಸ್ಸು ಐವತ್ತಾರು. ನನ್ನ ತಂದೆ ಕೊನೆಗಾಲದಲ್ಲಿ ನನ್ನನ್ನು ಅಂಚೆಯವನೆಂದು ತಿಳಿದು ಕಾಗದ ಕೇಳುತ್ತಿದ್ದರು. ನನಗೂ ಅದೇ ಶುರುವಾಯಿತೇ ಎಂಬ ಭಯ ಬಸ್ಸಿನಲ್ಲಿ ದಿನಾ ನನ್ನ ಪಕ್ಕದಲ್ಲೇ ಕೂರುತ್ತಿತ್ತು.

ಹೆಂಡತಿಗೆ ಹೇಳಿದೆ. ಆ ಭಾನುವಾರವೇ ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಒಂದು ಲ್ಯಾಬಿನವರ ಆರೋಗ್ಯ ಶಿಬಿರವಿತ್ತು. ಗಂಡ ರಕ್ತಪರೀಕ್ಷೆ ಮಾಡಿಸಿದರೆ ಹೆಂಡತಿಗೆ ಉಚಿತವಂತೆ. ಸೀರೆಯಂಗಡಿಯವರೂ ಇದಕ್ಕಿಂತ ಮರ್ಯಾದೆಯಿಂದ ವ್ಯಾಪಾರ ಮಾಡುತ್ತಾರೆ. ಮೊಣಕೈಯಲ್ಲಿ ಹತ್ತಿ ಹಿಡಿದುಕೊಂಡ ನೆರೆಯವರು ಅವಲಕ್ಕಿಯ ಪೋಹೆ ತಿನ್ನುತ್ತ, ಯಾರ ಪ್ಯಾಕೇಜಿನಲ್ಲಿ ಎಷ್ಟು ಪರೀಕ್ಷೆ ಎಂದು ಹೋಲಿಸಿಕೊಳ್ಳುತ್ತಿದ್ದರು. ಎರಡು ದಿನದ ಮೇಲೆ ವರದಿ ಬಂತು. ನನ್ನದರಲ್ಲಿ ಆರೋ ಏಳೋ ಅಂಕಿಗಳು ಕೆಂಪಾಗಿದ್ದವು. ಎದುರು ಮನೆಯವರದರಲ್ಲಿ ನನಗಿಂತ ಎರಡು ಹೆಚ್ಚು. ಅವರು ಒಂದು ವಾರ ಲಿಫ್ಟಿನಲ್ಲಿ ಬೇರೆ ಮಾತೇ ಆಡಲಿಲ್ಲ.

ಶಿಬಿರದ ಚೀಟಿಯಲ್ಲಿ ಮರೆವು ಎಂದು ಬರೆಸಿದ್ದನ್ನು ನೋಡಿ ಲ್ಯಾಬಿನಿಂದ ಫೋನೂ ಬಂತು. ಮರೆವಿದ್ದರೆ ಮಿದುಳಿನ ಸ್ಕ್ಯಾನ್ ಮಾಡಿಸಿಬಿಡಿ, ಈ ವಾರ ರಿಯಾಯಿತಿ ಇದೆ ಎಂದು ಹೆಣ್ಣುದನಿಯೊಂದು ಹಿಂದಿಯಲ್ಲಿ ಅಕ್ಕರೆ ತೋರಿತು. ನಾನು ಹೆಂಡತಿಗೆ ಪಾಠ ಶುರುಮಾಡಿದೆ. ನಮ್ಮ ಕಾರ್ಖಾನೆಯಲ್ಲಿ ಯಾವ ಅಳತೆಯ ಉಪಕರಣವಾದರೂ ಆಗೊಮ್ಮೆ ಈಗೊಮ್ಮೆ ಒಳ್ಳೆಯದನ್ನೇ ಕೆಟ್ಟದ್ದೆನ್ನುತ್ತದೆ. ಈ ಪ್ಯಾಕೇಜಿನ ಹಾಗೆ ಒಂದೇ ತುಂಡನ್ನು ಎಪ್ಪತ್ತು ಉಪಕರಣದ ಕೆಳಗೆ ಇಟ್ಟರೆ ಯಾವುದಾದರೂ ಒಂದು ಕೂಗಿಯೇ ಕೂಗುತ್ತದೆ. ಆ ಕೂಗಿನ ಹಿಂದೆ ಹೋದರೆ ಮತ್ತೊಂದು ಪರೀಕ್ಷೆ, ಮತ್ತೊಂದು ಸೂಜಿ. ಅವಳು ಪೂರ್ತಿ ಕೇಳಿದಳು.

"ನಿಮ್ಮ ತಲಿ ಕಾರ್ಖಾನಿ ತುಂಡ ಅಲ್ರಿ," ಎಂದಳು. "ನಾಳಿ ನಾ ಯಾರಂತ ಕೇಳಿದ್ರಿ ಅಂದ್ರ ಈ ಲೆಕ್ಕಾ ಯಾರಿಗೆ ಹೇಳ್ಲಿ?"

ಕೊನೆಗೆ ನಮ್ಮಂತೆ ವಿಜಯಪುರದ ಕಡೆಯವರೇ ಆದ ಒಬ್ಬ ಹಿರಿಯ ವೈದ್ಯೆಯ ಹತ್ತಿರ ಹೋದೆವು. ನಾನು ತೆಗೆದುಕೊಳ್ಳುವ ಔಷಧಗಳ ಪಟ್ಟಿಯನ್ನು ಟೈಪು ಮಾಡಿ ಒಯ್ದಿದ್ದೆ. ರಕ್ತದೊತ್ತಡದ ಗುಳಿಗೆ, ಅದರ ಪ್ರಮಾಣ, ಹೊತ್ತು, ಅಡ್ಡಪರಿಣಾಮಗಳ ಒಂದು ಕಾಲಂ. ಇಂಥ ರೋಗಿ ಅವರಿಗೆ ಸಿಕ್ಕಿರಲಾರ ಎಂಬ ಹೆಮ್ಮೆ ನನಗಿತ್ತು. ಅವರು ಅದನ್ನು ನೋಡಿ ಪಕ್ಕಕ್ಕಿಟ್ಟು, ಮನೆಯಲ್ಲಿ ಔಷಧ ಇಡುವ ಡಬ್ಬಿಯನ್ನೇ ತನ್ನಿ ಎಂದರು. ಮರುದಿನ ಹೆಂಡತಿ ಬಿಸ್ಕತ್ತಿನ ಹಳೆಯ ಡಬ್ಬಿಯನ್ನು ಅವರ ಮೇಜಿನ ಮೇಲೆ ಬೋರಲು ಹಾಕಿದಳು. ಮುಲಾಮು, ಓಂಕಾಳು, ಅವಧಿ ಮೀರಿದ ಕಣ್ಣಿನ ಹನಿ. ಅವುಗಳ ನಡುವೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್ಪಿನ ತುಂಡುಗಳು, ಒಂದೊಂದರಲ್ಲಿ ನಾಲ್ಕೈದು ಸಣ್ಣ ಗುಳಿಗೆ.

"ಇವೇನ್ರಿ? ಪಟ್ಟಿಯೊಳಗ ಇಲ್ಲಲ್ಲ."

"ಅದು ಔಷಧ ಅಲ್ರಿ ಡಾಕ್ಟರ್. ಸೀನಿನ ಗುಳಿಗಿ," ಎಂದೆ.

"ದಿನಾ ತಗೋತೀರಿ?"

ದಿನಾ ಮಲಗುವಾಗ ಒಂದು. ಚಾಕಣದ ಧೂಳಿಗೆ ಸೀನು ಬರುತ್ತಿತ್ತು, ಇದರಿಂದ ನಿಂತಿತು, ನಿದ್ದೆಯೂ ಚೆನ್ನಾಗಿ ಬಂತು. ಎರಡು ವರ್ಷದಿಂದ ಎಂದೆ ನಾನು. ಐದು ಎಂದಳು ಹೆಂಡತಿ. ಹೆಸರೇನು ಎಂದು ವೈದ್ಯೆ ಕೇಳಿದರು. ಇಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ಬೀದಿಯ ಔಷಧದಂಗಡಿಯವನು ಕೇಳಿದಷ್ಟೇ ಕತ್ತರಿಸಿ ಕೊಡುತ್ತಾನೆ. ಹೆಸರಿರುವ ಭಾಗ ಅವನ ಡ್ರಾಯರಿನಲ್ಲೇ ಉಳಿಯುತ್ತದೆ. ಕಾರ್ಖಾನೆಯಲ್ಲಿ ಚೀಟಿಯಿಲ್ಲದ ಒಂದು ಬೋಲ್ಟನ್ನೂ ನಾನು ಒಳಗೆ ಬಿಟ್ಟವನಲ್ಲ. ಶಿಬಿರದವರನ್ನು, ನೆರೆಯವರನ್ನು, ಫೋನಿನ ಆ ದನಿಯನ್ನು ಅಷ್ಟು ಹೊತ್ತು ಹಳಿದ ಪಂಡಿತ, ಹೆಸರಿಲ್ಲದ ಗುಳಿಗೆಯನ್ನು ಐದು ವರ್ಷ ನುಂಗಿದ್ದ.

ಅಂಗಡಿಯವನನ್ನು ಕೇಳಿದಾಗ ಡ್ರಾಯರಿನಿಂದ ಉಳಿದ ಭಾಗ ತೆಗೆದು ತೋರಿಸಿದ. "ಸಗಳೇಚ ಘೇತಾತ, ಕಾಕಾ," ಎಂದ. ಎಲ್ಲರೂ ತೆಗೆದುಕೊಳ್ಳುತ್ತಾರಂತೆ. ಮಿಕ್ಕವರೂ ಏನನ್ನೆಲ್ಲ ಮರೆತಿದ್ದಾರೋ, ಅವರನ್ನು ಯಾರು ಕೇಳಿದರು?

ಹೆಸರು ತಿಳಿದ ಮೇಲೆ ವೈದ್ಯೆ ಪ್ರಶ್ನೆ ಕೇಳಿ ನನ್ನ ನೆನಪನ್ನು ಪರೀಕ್ಷಿಸಿ, ಬಿಡಿಸಿ ಹೇಳಿದರು. ಇದು ಹಳೆಯ ಬಗೆಯ ಅಲರ್ಜಿ ಗುಳಿಗೆ. ನಾಲ್ಕು ದಿನಕ್ಕೆ ಒಳ್ಳೆಯದೇ, ದಿನಾ ತಿಂದರೆ ಕೆಲವರಿಗೆ ಮಂಪರು ಬೆಳಗಿನವರೆಗೂ ಉಳಿದು ನೆನಪು ಮಂಕಾಗುತ್ತದೆ. ನನ್ನ ಮರೆವಿಗೆ ಇದೇ ಕಾರಣ ಎಂದು ಅವರು ಹೇಳಲಿಲ್ಲ. ಎರಡು ತಿಂಗಳು ಬಿಟ್ಟು ನೋಡೋಣ, ಸೀನಿಗೆ ಮೂಗಿನ ಸ್ಪ್ರೇ ಕೊಡುತ್ತೇನೆ ಎಂದರು. ಹೆಂಡತಿ ಸ್ಕ್ಯಾನಿನ ಮಾತೆತ್ತಿದಳು.

"ಬೇಕಂದ್ರ ನಾನ ಇವತ್ತ ಬರಕೊಡ್ತಿದ್ದೆ," ಎಂದರು ವೈದ್ಯೆ. "ನಡೀಲಿಕ್ಕೆ ತ್ರಾಸ ಆತು, ದಾರಿ ತಪ್ಪಿತು, ಹೊಸಾ ತಲಿನೋವು ಬಂತು ಅಂದ್ರ ಎರಡು ತಿಂಗಳು ಕಾಯಬ್ಯಾಡ್ರಿ. ಇಲ್ಲಂದ್ರ ಮೊದಲು ಕೈಯಾಗಿನ ಗುಳಿಗಿ ಬಿಡೂಣು."

ಮೊದಲ ವಾರ ನಿದ್ದೆಯಿಲ್ಲ, ಬಸ್ಸಿನಲ್ಲಿ ಸೀನು. ಎರಡನೆಯ ತಿಂಗಳಲ್ಲಿ ಹೆಸರುಗಳು ಕೇಳುವ ಮೊದಲೇ ಬಾಯಿಗೆ ಬರತೊಡಗಿದವು. ಹಾಗೆಂದು ನನಗನ್ನಿಸಿತು, ಹೆಂಡತಿಗೂ. ವೈದ್ಯೆ ಮತ್ತೆ ಪರೀಕ್ಷಿಸಿ, ಮೊದಲಿಗಿಂತ ಚೆನ್ನಾಗಿದೆ, ಸ್ಕ್ಯಾನ್ ಸದ್ಯ ಬೇಡ, ಆರು ತಿಂಗಳಿಗೆ ಬನ್ನಿ ಎಂದರು.

ಆದರೆ ಅದು ಗುಳಿಗೆಯದೇ ಕೆಲಸ ಎನ್ನಲು ಏನು ಪುರಾವೆ? ಈ ನಡುವೆ ನಾನು ಸಂಜೆ ನಡೆಯತೊಡಗಿದ್ದೆ, ಭಯವೂ ಇಳಿದಿತ್ತು. ಖಚಿತವಾಗಬೇಕಾದರೆ ಮತ್ತೆರಡು ತಿಂಗಳು ಗುಳಿಗೆ ತಿಂದು, ಮರೆವು ಮರಳುತ್ತದೆಯೇ ನೋಡಬೇಕು. ಅದನ್ನು ಅಲ್ಲೇ ಹೇಳಿಯೂ ಬಿಟ್ಟೆ. ವೈದ್ಯೆ ಪೆನ್ನು ಕೆಳಗಿಟ್ಟರು.

"ಇವರಿಗೆ ತಮ್ಮ ತಲಿಕಿಂತ ತಮ್ಮ ಲೆಕ್ಕ ದೊಡ್ಡದು," ಎಂದು ಹೆಂಡತಿ ಅವರಿಗೆ ಹೇಳಿ, ನನ್ನತ್ತ ತಿರುಗಿದಳು. "ಗೊತ್ತಾಗದಿದ್ರ ಗೊತ್ತಾಗದ ಇರ್ಲಿ. ಏಳ್ರಿ."

ಎದ್ದೆ. ನನಗಿನ್ನೂ ಗೊತ್ತಾಗಿಲ್ಲ.